ಅಮ್ಮನ ಡೈರಿಯ ಚಾಕಲೇಟ್ ಕೇಕು ನನ್ನ ಕೈಯಲ್ಲಿ ಏಕೆ ಕುಸಿಯುತ್ತಿದೆ?

ಸರಸ್ವತೀಪುರದವಳು (ಶನಿವಾರ, ರಾತ್ರಿ 9.40)

ಮೂರು ವಾರ, ಮೂರು ಕೇಕು, ಮೂರೂ ಹಾಳು. ಸಲಹೆ ಕೊಡುವ ಮೊದಲು ದಯವಿಟ್ಟು ಪೂರ್ತಿ ಓದಿ.

ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ಮೈಸೂರಿನ ಮನೆ ಖಾಲಿ ಮಾಡುವಾಗ ಅಡುಗೆಮನೆಯ ಅಟ್ಟದಲ್ಲಿ 1983ರ ಡೈರಿಯೊಂದು ಸಿಕ್ಕಿತು, ಯಾವುದೋ ಬ್ಯಾಂಕಿನವರು ಕೊಟ್ಟದ್ದು. ಏಪ್ರಿಲ್ 11ರ ಪುಟದಲ್ಲಿ ಚಾಕಲೇಟ್ ಕೇಕು. ಹುಡುಕುವ ಕೆಲಸವೇ ಇಲ್ಲ, ಡೈರಿ ತಾನಾಗಿ ಅಲ್ಲಿಗೇ ತೆರೆದುಕೊಳ್ಳುತ್ತದೆ. ಮೂಲೆಯಲ್ಲಿ ಜಿಡ್ಡು ಹತ್ತಿದ ಹೆಬ್ಬೆರಳಿನ ಗುರುತು, ಅಂಚಿನಲ್ಲಿ ಒಣಗಿ ಅಂಟಿದ ಕಂದು ಹಿಟ್ಟು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ:

ಚಾಕಲೇಟ್ ಕೇಕು (ಎದುರುಮನೆಯವರು ಹೇಳಿದ್ದು)
ಮೈದಾ 2 ಬ.
ಸಕ್ಕರೆ 1½ ಬ.
ಕೋಕೋ 6 ದೊ. ಚ.
ಡಾಲ್ಡಾ ½ ಬ.
ಸೋಡ 1 ಚ.
ಉಪ್ಪು, ಎಸೆನ್ಸ್
ಬಿ. ಲೋ. 1
ದೋಸೆ ಹಿಟ್ಟಿನ ಹದ. ಕಡ್ಡಿ ಚುಚ್ಚಿ ನೋಡು.

ಇಷ್ಟೇ. ಮೊಟ್ಟೆ ಇಲ್ಲ, ಅಜ್ಜಿ ಇದ್ದ ಮನೆ. ‘ಬ.’ ಎಂದರೆ ಬಟ್ಟಲು, ‘ದೊ. ಚ.’ ಎಂದರೆ ದೊಡ್ಡ ಚಮಚ. ‘ಬಿ. ಲೋ.’ ಎಂದರೆ ಬಿಳಿ ಲೋಟ ಇರಬೇಕು ಎಂದುಕೊಂಡೆ. ನಮ್ಮಲ್ಲಿ ನೀಲಿ ಅಂಚಿನ ಬಿಳಿಯ ಎನಾಮಲ್ ಲೋಟವೊಂದಿತ್ತು. ಏನನ್ನು ಒಂದು ಲೋಟ ಎಂದು ಬರೆದಿಲ್ಲವಾದ್ದರಿಂದ ಹಾಲು ಹಾಕಿದೆ. ಹಿಟ್ಟು ಗೋಡೆಗೆ ಮೆತ್ತುವ ಗಾರೆಯಂತಾಯಿತು. ಇನ್ನೊಂದು ಲೋಟ ಹಾಲು ಸುರಿದೆ. ಓವನ್‌ನಲ್ಲಿ 180 ಡಿಗ್ರಿ. ಇಪ್ಪತ್ತು ನಿಮಿಷ ಪೇಟದಂತೆ ಉಬ್ಬಿ ನಿಂತಿದ್ದು, ನಾನು ಗಾಜಿನೊಳಗೆ ನೋಡುತ್ತಿದ್ದಂತೆಯೇ ನಡುವೆ ಕುಸಿದುಹೋಯಿತು. ತಿಂದರೆ ಕೊನೆಯಲ್ಲಿ ಸಾಬೂನು ನೆಕ್ಕಿದ ಅನುಭವ.

ಅಮ್ಮನದು ಹೀಗಿರಲಿಲ್ಲ. ಹೆಚ್ಚುಕಡಿಮೆ ಕಪ್ಪು ಬಣ್ಣ, ಒದ್ದೆ ಒದ್ದೆ, ಬೆರಳಿನಿಂದ ಒತ್ತಿದರೆ ಮೇಲೇಳುತ್ತಿತ್ತು. ಭಾನುವಾರ ಮಾಡಿದ್ದು ಮಂಗಳವಾರದ ಟಿಫಿನ್ ಡಬ್ಬಿಯಲ್ಲೂ ಮೆತ್ತಗಿರುತ್ತಿತ್ತು. ಅಪ್ಪನಿಗೆ ಈಗ 81. ಮೂರೂ ಸಲ ಒಂದೊಂದು ತುಂಡು ತಿಂದು ‘ಚೆನ್ನಾಗಿದೆ’ ಎಂದರು, ಉಳಿದದ್ದನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟು ಬಂದರು. ಅದೇ ನನಗೆ ಹೆಚ್ಚು ಉರಿದದ್ದು.

ಒಗ್ಗರಣೆ ಡಬ್ಬಿ (ರಾತ್ರಿ 9.52)

ಸೋಡ ಹೆಚ್ಚಾಗಿದೆ. ಅರ್ಧ ಚಮಚ ಹಾಕಿ. ಮುಗಿಯಿತು.

ಅರೆಪಾವು (ರಾತ್ರಿ 10.05)

ಮುಗಿಯಲಿಲ್ಲ. ಮೊದಲು ಆ ಬಟ್ಟಲು ಯಾವುದು ಹೇಳಿ. ಈಗಿನವರು ಅಂತರ್ಜಾಲದಿಂದ ತರಿಸುವ ಕಪ್ಪು 240 ಮಿಲಿಲೀಟರಿನದು, ಅಮೆರಿಕದ ಅಳತೆ. ನಿಮ್ಮ ತಾಯಿಯವರ ಬಟ್ಟಲು ಅದಾಗಿರಲು ಸಾಧ್ಯವೇ ಇಲ್ಲ. ನಮ್ಮ ಮನೆಗಳಲ್ಲಿ ಸೇರು, ಅದರ ಕಾಲು ಭಾಗ ಪಾವು, ಪಾವಿನ ಕಾಲು ಭಾಗ ಚಟಾಕು. ಸರ್ಕಾರ ಮೆಟ್ರಿಕ್ ತಂದು ದಶಕಗಳಾದ ಮೇಲೂ ನಮ್ಮಮ್ಮ ಅಕ್ಕಿ ಅಳೆದದ್ದು ಹಿತ್ತಾಳೆಯ ಪಾವಿನಲ್ಲಿಯೇ.

ಮೈದಾ, ಸಕ್ಕರೆ, ಡಾಲ್ಡಾ ಮೂರನ್ನೂ ಒಂದೇ ಬಟ್ಟಲಿನಲ್ಲಿ ಅಳೆದರೆ ಬಟ್ಟಲು ಚಿಕ್ಕದಿರಲಿ ದೊಡ್ಡದಿರಲಿ ಲೆಕ್ಕ ತಪ್ಪುವುದಿಲ್ಲ, ಒಪ್ಪುತ್ತೇನೆ. ಆದರೆ ಸೋಡ ಮತ್ತು ಕೋಕೋ ಚಮಚದಲ್ಲಿವೆ. ಬಟ್ಟಲು ಬದಲಾದರೆ ಆ ಎರಡರ ಪ್ರಮಾಣ ಏರುಪೇರಾಗುತ್ತದೆ.

ಮೌನಿ (ರಾತ್ರಿ 10.07)

ಕೇಕಿಗಿಂತ ಪೀಠಿಕೆ ದೊಡ್ಡದಾಯಿತು.

ದೂರದ ನಂಟು (ರಾತ್ರಿ 10.31)

ನ್ಯೂಜೆರ್ಸಿಯಿಂದ. ನಿಮ್ಮ ಓವನ್‌ನಲ್ಲಿ ಫ್ಯಾನ್ ತಿರುಗುತ್ತದೆಯೇ? ತಿರುಗಿದರೆ 180ರ ಬದಲು 160 ಇಡಿ. ಹೊರಗೆ ಬೇಗ ಗಟ್ಟಿಯಾಗಿ ಒಳಗೆ ಹಸಿಯಾಗಿ ಉಳಿದರೂ ಕೇಕು ಕುಸಿಯುತ್ತದೆ. ಇನ್ನು, ನೀವು ಮೈಸೂರಿನಲ್ಲಿ ಮಾಡುತ್ತಿದ್ದೀರೋ ಬೆಂಗಳೂರಿನಲ್ಲೋ? ಎತ್ತರದ ಊರಿನಲ್ಲಿ ಕೇಕು ಹೆಚ್ಚು ಉಬ್ಬಿ ಬೀಳುತ್ತದೆ. ಇಲ್ಲಿನ ಪೊಟ್ಟಣಗಳ ಮೇಲೆ ಬೆಟ್ಟದ ಊರಿನವರಿಗೆ ಬೇರೆ ಅಳತೆಯನ್ನೇ ಅಚ್ಚು ಹಾಕಿರುತ್ತಾರೆ.

ರಸಾಯನ ಮೇಷ್ಟ್ರು (ರಾತ್ರಿ 10.58)

ಎತ್ತರದ ಮಾತನ್ನು ಬಿಡಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಮೈಸೂರು 770ರ ಆಸುಪಾಸು. ಅವರ ತಾಯಿಯವರ ಕೇಕು 770 ಮೀಟರಿನಲ್ಲಿ ಚೆನ್ನಾಗಿ ಎದ್ದು, ಮಗಳದು 150 ಮೀಟರ್ ಮೇಲೇರಿದ್ದಕ್ಕೆ ಕುಸಿಯುವುದೇ?

ನನಗೆ ಸುಳಿವು ಕಂಡದ್ದು ಸಾಬೂನಿನ ರುಚಿಯಲ್ಲಿ. ಅಡುಗೆ ಸೋಡ ಎಂದರೆ ಸೋಡಿಯಂ ಬೈಕಾರ್ಬೊನೇಟ್. ಹುಳಿ ಸಿಕ್ಕರೆ ತಕ್ಷಣ ಇಂಗಾಲದ ಡೈಆಕ್ಸೈಡ್ ಬಿಟ್ಟು ಖರ್ಚಾಗುತ್ತದೆ. ಹುಳಿ ಸಿಗದಿದ್ದರೆ ಶಾಖಕ್ಕೆ ಒಡೆದು ಸ್ವಲ್ಪ ಅನಿಲ ಬಿಟ್ಟು, ಸೋಡಿಯಂ ಕಾರ್ಬೊನೇಟ್ ಆಗಿ ಕೇಕಿನಲ್ಲೇ ಕೂರುತ್ತದೆ. ಅದುವೇ ಬಟ್ಟೆ ಒಗೆಯುವ ಸೋಡ. ನಿಮ್ಮ ನಾಲಿಗೆ ಸುಳ್ಳು ಹೇಳಿಲ್ಲ.

ಪ್ರಶ್ನೆ ಇಷ್ಟೇ: ಈ ಪಟ್ಟಿಯಲ್ಲಿ ಹುಳಿ ಎಲ್ಲಿದೆ? ಮೈದಾ, ಸಕ್ಕರೆ, ಡಾಲ್ಡಾ, ಹಾಲು, ಇವುಗಳಲ್ಲಿ ಹೇಳಿಕೊಳ್ಳುವಂಥ ಹುಳಿ ಇಲ್ಲ. ಕೋಕೋ ತುಸು ಹುಳಿ, ಆದರೆ ಎಲ್ಲ ಕೋಕೋ ಅಲ್ಲ. ನಿಮ್ಮ ಪೊಟ್ಟಣದ ಹಿಂದೆ 500 ಅಥವಾ 501 ಎಂಬ ಸಂಖ್ಯೆ ಇದೆಯೇ ನೋಡಿ. ಇದ್ದರೆ ಕ್ಷಾರ ಸೇರಿಸಿ ಹುಳಿ ತೆಗೆದ ಪುಡಿ ಅದು. ಡಚ್ಚರ ವಾನ್ ಹೌಟೆನ್ ಕುಟುಂಬದವರು 19ನೇ ಶತಮಾನದಲ್ಲಿ ರೂಢಿಗೆ ತಂದ ಉಪಾಯ. ಬಣ್ಣ ಗಾಢವಾಗುತ್ತದೆ, ಹಾಲಿನಲ್ಲಿ ಚೆನ್ನಾಗಿ ಬೆರೆಯುತ್ತದೆ, ಆದರೆ ಸೋಡವನ್ನು ಎಬ್ಬಿಸುವುದಿಲ್ಲ.

ಸರಸ್ವತೀಪುರದವಳು (ರಾತ್ರಿ 11.10)

501 ಇದೆ! ಫ್ಯಾನೂ ಇದೆ. ಬಟ್ಟಲನ್ನು ನಾಳೆ ಹುಡುಕುತ್ತೇನೆ, ಪಾತ್ರೆಗಳ ಮೂಟೆಯನ್ನು ಇನ್ನೂ ಬಿಚ್ಚಿಲ್ಲ.

ಕುಸ್ವಾರ್ (ರಾತ್ರಿ 11.26)

ಮಂಗಳೂರಿನ ಕಡೆಯಿಂದ ಒಂದು ಮಾತು, ಕೋಪಿಸಿಕೊಳ್ಳಬೇಡಿ. ಮೊಟ್ಟೆಯಿಲ್ಲದ್ದು ಕೇಕಲ್ಲ, ಸಿಹಿ ಬ್ರೆಡ್ಡು. ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಕೇಕಿಗೆ ಹನ್ನೆರಡು ಮೊಟ್ಟೆ. ಹಿಟ್ಟು ಕಲಸಿ, ತಟ್ಟೆಗೆ ಸುರಿದು, ಮೇಲೆ ಬಟ್ಟೆ ಮುಚ್ಚಿ ಬೀದಿಯ ಬೇಕರಿಗೆ ಒಯ್ಯುತ್ತಿದ್ದೆವು. ಡಿಸೆಂಬರ್ 22, 23ರಂದು ಅಲ್ಲಿ ಸರದಿ. ತಟ್ಟೆ ಅದಲುಬದಲಾಗಬಾರದೆಂದು ಪ್ರತಿಯೊಂದಕ್ಕೂ ಚೀಟಿ. ಒಂದು ವರ್ಷ ಆದರೂ ಅದಲುಬದಲಾಯಿತು. ಆ ಬೇರೆ ಮನೆಯ ಕೇಕು ನಮ್ಮದಕ್ಕಿಂತ ಚೆನ್ನಾಗಿತ್ತು. ಅಮ್ಮ ಇಡೀ ಹಬ್ಬ ಮಾತಾಡಲಿಲ್ಲ.

ಒಗ್ಗರಣೆ ಡಬ್ಬಿ (ರಾತ್ರಿ 11.31)

ಬಂದಿತು ನೋಡಿ ಮೊಟ್ಟೆ. ಬರುವುದು ಇನ್ನೂ ತಡವಾಯಿತಲ್ಲ ಎಂದು ಕಾಯುತ್ತಿದ್ದೆ.

ಹಳೇ ಬೇಕರಿಯವ (ಭಾನುವಾರ, ಬೆಳಿಗ್ಗೆ 5.15)

ಮೊಟ್ಟೆಯಿಲ್ಲದ್ದು ಕೇಕಲ್ಲವೇ? ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದು ಅಯ್ಯಂಗಾರ್ ಬೇಕರಿ ತೆರೆದವರೆಲ್ಲ ಇಷ್ಟು ವರ್ಷ ಮಾರಿದ್ದು ಏನು, ಇಟ್ಟಿಗೆಯೇ? ಮೂವತ್ತು ವರ್ಷ ಒಲೆಯ ಮುಂದೆ ನಿಂತಿದ್ದೇನೆ. ಜೇನು ಕೇಕಿನ ಮೇಲೆ ಜಾಮು ಸವರಿ ಕೊಬ್ಬರಿ ತುರಿ ಉದುರಿಸಿ ಇಟ್ಟರೆ ಶಾಲೆ ಬಿಡುವ ಹೊತ್ತಿಗೆ ತಟ್ಟೆ ಖಾಲಿ. ಆ ಮಕ್ಕಳಲ್ಲಿ ಒಬ್ಬರೂ ಮೊಟ್ಟೆ ಕೇಳಲಿಲ್ಲ.

ಈಗ ಅಮ್ಮನವರ ಚೀಟಿಗೆ ಬರೋಣ. ಸಕ್ಕರೆಯನ್ನು ಪುಡಿ ಮಾಡಿ ಅಳೆದಿರೋ, ಅಳೆದು ಪುಡಿ ಮಾಡಿದಿರೋ? ಇದು ಚಿಕ್ಕ ವಿಷಯವಲ್ಲ. ಒಂದು ದೊಡ್ಡ ಕಪ್ಪಿನಷ್ಟು ಹರಳು ಸಕ್ಕರೆ 200 ಗ್ರಾಂ ತೂಗುತ್ತದೆ. ಅದೇ ಕಪ್ಪಿನಲ್ಲಿ ಪುಡಿ ಸಕ್ಕರೆ ಹಿಡಿಯುವುದು ಸುಮಾರು 120 ಗ್ರಾಂ. ಸಕ್ಕರೆ ಬರಿಯ ಸಿಹಿಗಲ್ಲ, ನೀರನ್ನು ಹಿಡಿದಿಡುವುದೂ ಅದೇ. ಮಂಗಳವಾರದವರೆಗೂ ಮೆತ್ತಗಿತ್ತು ಎಂದಿರಲ್ಲ, ಅದರಲ್ಲಿ ಸಕ್ಕರೆಯ ಪಾಲು ದೊಡ್ಡದು.

ಇನ್ನೊಂದು ಮಾತು. ಸೋಡ ಹಾಕಿದ ಹಿಟ್ಟನ್ನು ಇಟ್ಟು ಕೂರಬಾರದು. ಬಟ್ಟಲಿನಲ್ಲೇ ಗುಳ್ಳೆ ಸತ್ತುಹೋಗುತ್ತದೆ. ನಮ್ಮಲ್ಲಿ ಕಲಸಿದವನು ಹಿಟ್ಟು ಕೆಳಗಿಡದೆ ನೇರ ಒಲೆಯ ಬಾಯಿಗೆ ಬರಬೇಕಿತ್ತು.

ಕುಸ್ವಾರ್ (ಬೆಳಿಗ್ಗೆ 7.02)

ಸರಿ, ಜೇನು ಕೇಕಿಗೆ ನಾನು ಸೋತೆ. ಅದನ್ನು ತಿಂದೇ ಡಿಗ್ರಿ ಮುಗಿಸಿದವನು.

ಸರಸ್ವತೀಪುರದವಳು (ಬೆಳಿಗ್ಗೆ 8.20)

ಪುಡಿ ಮಾಡಿ ಅಳೆದೆ. ಮೂರೂ ಸಲ. ನನ್ನ ತಲೆಗೆ ನಾನೇ ಮೊಟಕಿಕೊಂಡೆ.

ಬಟ್ಟಲು ಸಿಕ್ಕಿತು. ತಳದಲ್ಲಿ ಅಜ್ಜಿಯ ಹೆಸರಿನ ಮೊದಲಕ್ಷರ ಕೊರೆದ ಸ್ಟೀಲ್ ಬಟ್ಟಲು, ಅಂಚಿನವರೆಗೆ ನೀರು ತುಂಬಿ ಅಳೆದರೆ ಸರಿಯಾಗಿ 200 ಮಿಲಿಲೀಟರ್. ಅರೆಪಾವು ಅವರಿಗೆ ನಮಸ್ಕಾರ.

ಅರೆಪಾವು (ಬೆಳಿಗ್ಗೆ 8.24)

ಹೇಳಿದ್ದೆನಲ್ಲ.

ಕೊಕ್ಕೋ ತೋಟ (ಬೆಳಿಗ್ಗೆ 9.10)

ಪುತ್ತೂರಿನ ಹತ್ತಿರದವನು. ನೀವೆಲ್ಲ ಕೋಕೋ ಎಂದು ಬರೆಯುತ್ತಿದ್ದೀರಿ. ನಮ್ಮಲ್ಲಿ ಅದು ಕೊಕ್ಕೋ. ಅಡಿಕೆ ಮರಗಳ ನಡುವಿನ ನೆರಳಿನಲ್ಲಿ ಬೆಳೆಯುವ ಗಿಡ, ಕಾಯಿ ಕೊಂಬೆಯ ತುದಿಯಲ್ಲಲ್ಲ, ನೇರ ಕಾಂಡಕ್ಕೇ ಅಂಟಿಕೊಂಡು ಬಿಡುತ್ತದೆ. ಕಾಯಿ ಒಡೆದರೆ ಬೀಜದ ಸುತ್ತ ಬಿಳಿ ತಿರುಳು, ಹುಳಿಸಿಹಿ. ನಾವು ಚಿಕ್ಕವರಿದ್ದಾಗ ಆ ತಿರುಳನ್ನು ಚೀಪಿ ಬೀಜ ಉಗಿಯುತ್ತಿದ್ದೆವು. ಉಗಿದದ್ದನ್ನು ಅಪ್ಪ ಮತ್ತೆ ಹೆಕ್ಕಿ ಬುಟ್ಟಿಗೆ ಹಾಕುತ್ತಿದ್ದರು. ನಾವು ಚೀಪುವ ಮೊದಲೇ ಅಳಿಲು ಮತ್ತು ಇಲಿ ತಮ್ಮ ಪಾಲು ಮುಗಿಸಿರುತ್ತಿದ್ದವು.

ಡೈರಿ 1983ರದು ಎಂದದ್ದಕ್ಕೆ ಇದೆಲ್ಲ ನೆನಪಾಯಿತು. ಅದಕ್ಕೆ ಸ್ವಲ್ಪ ಹಿಂದೆ ಕೊಕ್ಕೋ ಕೊಳ್ಳುವವರಿಲ್ಲದೆ ನಮ್ಮ ಕಡೆ ಗಿಡಗಳನ್ನೇ ಕಡಿದು ಹಾಕಿದವರಿದ್ದರು. 1973ರಲ್ಲಿ ಅಡಿಕೆಗಾಗಿ ಹುಟ್ಟಿದ ಕ್ಯಾಂಪ್ಕೋ ಸಂಸ್ಥೆ ಕೊಕ್ಕೋ ಕೊಳ್ಳಲೂ ಇಳಿಯಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟ್ ಕಾರ್ಖಾನೆಯೇ ಬಂದಿತು. ಮೊನ್ನೆ 2024ರಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿದಾಗ, ಗಿಡ ಕಡಿದವರ ಮಕ್ಕಳು ನಮ್ಮ ತೋಟ ನೋಡಲು ಬಂದಿದ್ದರು.

ಕೇಕಿನ ಬಗ್ಗೆ ನನಗೆ ಏನೂ ಗೊತ್ತಿಲ್ಲ.

ಮೌನಿ (ಬೆಳಿಗ್ಗೆ 9.14)

ಈ ಚರ್ಚೆಯಲ್ಲಿ ಪ್ರಾಮಾಣಿಕವಾದ ಕೊನೆಯ ಸಾಲು ಬರೆದವರು ಇವರೊಬ್ಬರೇ.

ದೂರದ ನಂಟು (ಬೆಳಿಗ್ಗೆ 9.40)

ಡಾಲ್ಡಾ ಬಗ್ಗೆ ಯಾರೂ ಮಾತನಾಡಿಲ್ಲ. ನಾನು ಕಳೆದ ಸಲ ಊರಿಗೆ ಬಂದಾಗ ಹಟ ಹಿಡಿದು ವನಸ್ಪತಿ ತಂದೆ, ಅಮ್ಮನ ಕಾಲದ ಬಿಸ್ಕತ್ತು ಮಾಡೋಣ ಎಂದು. ಆ ರುಚಿ ಬರಲಿಲ್ಲ.

ರಸಾಯನ ಮೇಷ್ಟ್ರು (ಬೆಳಿಗ್ಗೆ 10.05)

ಬರುವುದು ಕಷ್ಟ. 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಕೊಬ್ಬು ಶೇಕಡಾ 2 ಮೀರಬಾರದು ಎಂಬ ನಿಯಮವಿದೆ. ಅಂದಿನ ವನಸ್ಪತಿಯಲ್ಲಿ ಅದು ಹಲವು ಪಟ್ಟು ಇರುತ್ತಿತ್ತು. ಹೃದಯಕ್ಕೆ ಒಳ್ಳೆಯದೇ ಆಯಿತು, ನಾಲಿಗೆಯ ನೆನಪಿಗೆ ನಷ್ಟ. ಈ ಕೇಕಿಗಂತೂ ಕರಗಿಸಿದ ಬೆಣ್ಣೆಗಿಂತ ವಾಸನೆಯಿಲ್ಲದ ಎಣ್ಣೆ ವಾಸಿ. ಎಣ್ಣೆ ತಣ್ಣಗಾದರೂ ಹೆಪ್ಪುಗಟ್ಟುವುದಿಲ್ಲ, ಕೇಕು ಮರುದಿನವೂ ಮೆತ್ತಗಿರುತ್ತದೆ.

ಹುಳಿಯ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ ಎಂದು ನೆನಪಿಸುತ್ತೇನೆ.

ಒಗ್ಗರಣೆ ಡಬ್ಬಿ (ಬೆಳಿಗ್ಗೆ 10.12)

ನಿಂಬೆಹಣ್ಣು ಹಿಂಡಿರಬಹುದು. ಅಥವಾ ‘ಸೋಡ’ ಎಂದು ಬರೆದದ್ದು ಬೇಕಿಂಗ್ ಪೌಡರ್ ಆಗಿರಬಹುದು, ನಮ್ಮಮ್ಮ ಎರಡಕ್ಕೂ ಸೋಡ ಎಂದೇ ಹೇಳುತ್ತಿದ್ದರು.

ಹಳೇ ಬೇಕರಿಯವ (ಬೆಳಿಗ್ಗೆ 10.30)

ಎರಡು ಬಟ್ಟಲು ಮೈದಾಕ್ಕೆ ಒಂದು ಚಮಚ ಬೇಕಿಂಗ್ ಪೌಡರ್ ಸಾಲದು, ಎರಡಾದರೂ ಬೇಕು. ಅದರ ಮೂರು ನಾಲ್ಕು ಪಟ್ಟು ಬಲ ಸೋಡಕ್ಕೆ. ಒಂದು ಚಮಚ ಸೋಡ ಎಂದರೆ ಸೋಡವೇ, ಮತ್ತು ಜೊತೆಗೆ ಮೊಸರೋ ಮಜ್ಜಿಗೆಯೋ ಇತ್ತೆಂದೇ ಅರ್ಥ. ಒಂದು ಬಟ್ಟಲು ಹುಳಿ ಮೊಸರು ಹಾಕಿ ನೋಡಿ. ಬರೆಯಲು ಮರೆತಿರಬೇಕು.

ಸರಸ್ವತೀಪುರದವಳು (ಬೆಳಿಗ್ಗೆ 10.44)

ಅಮ್ಮ ಮರೆಯುವವಳಲ್ಲ. ಹಾಲಿನವನ ಲೆಕ್ಕವನ್ನು ಕಾಲು ಲೀಟರೂ ಬಿಡದೆ ಇದೇ ಡೈರಿಯಲ್ಲಿ ಬರೆದಿದ್ದಾಳೆ.

ಅವಳ ತಂಗಿ (ಬೆಳಿಗ್ಗೆ 11.20)

ಅಕ್ಕ ಈ ಕೊಂಡಿ ಕಳುಹಿಸಿದಳು, ಓದಿ ನಗು ಬಂದಿತು. ಎಲ್ಲರಿಗೂ ನಮಸ್ಕಾರ.

ಅಕ್ಕ ಓದುವ ಹುಡುಗಿ, ಅಡುಗೆಮನೆಗೆ ಬರುತ್ತಿದ್ದದ್ದು ಪಾತ್ರೆ ನೆಕ್ಕಲು. ಹಿಟ್ಟು ಕಲಸುವಾಗ ಪಾತ್ರೆ ಹಿಡಿದುಕೊಳ್ಳುವ ಕೆಲಸ ನನ್ನದಾಗಿತ್ತು, ಇಲ್ಲದಿದ್ದರೆ ಅದು ಕಟ್ಟೆಯ ಮೇಲೆ ಗರಗರ ತಿರುಗುತ್ತಿತ್ತು. ಅಮ್ಮ ಮರದ ಸೌಟಿನಲ್ಲಿ ಒಂದೇ ದಿಕ್ಕಿಗೆ ಕಲಸುತ್ತಿದ್ದಳು. ಮೊಸರು ಖಂಡಿತ ಇತ್ತು. ಕಲ್ಲುಚಟ್ಟಿಯ ಮೊಸರು, ಹಿಂದಿನ ದಿನದ್ದು, ಹುಳಿ ಬಂದದ್ದು. ಅದನ್ನು ಸುರಿದಾಗ ಹಿಟ್ಟು ಚುಸ್ ಎಂದು ಉಸಿರುಬಿಡುವ ಸದ್ದು ನನಗೆ ಈಗಲೂ ಕೇಳಿಸುತ್ತದೆ.

ಅಕ್ಕಾ, ಆ ಡೈರಿಯ ಬೇರೆ ಪುಟಗಳನ್ನೂ ನೋಡು. ಮೈಸೂರು ಪಾಕಿನ ಪುಟದಲ್ಲಿ ತುಪ್ಪ ಇದೆಯೇ? ತುಪ್ಪ ಮನೆಯಲ್ಲೇ ಕಾಯಿಸುತ್ತಿದ್ದೆವಲ್ಲ.

ಸರಸ್ವತೀಪುರದವಳು (ಬೆಳಿಗ್ಗೆ 11.41)

ಇಲ್ಲ. ಕಡಲೆಹಿಟ್ಟು ಇದೆ, ಸಕ್ಕರೆ ಇದೆ. ತುಪ್ಪ ಇಲ್ಲ. ಮೈಸೂರು ಪಾಕಿಗೆ ತುಪ್ಪ ಇಲ್ಲ!

ಪುಳಿಯೋಗರೆ ಗೊಜ್ಜಿನ ಪುಟದಲ್ಲಿ ಬೆಲ್ಲ, ಹುಣಸೆಹಣ್ಣು, ಒಣಮೆಣಸಿನಕಾಯಿ ಇವೆ, ಕರಿಬೇವು ಇಲ್ಲ. ಕರಿಬೇವಿನ ಗಿಡ ಹಿತ್ತಿಲಲ್ಲಿತ್ತು. ಕೊಬ್ಬರಿ ಮಿಠಾಯಿಯ ಪುಟದಲ್ಲಿ ತೆಂಗಿನಕಾಯಿಯೇ ಇಲ್ಲ. ಅಜ್ಜಿಯ ತವರಿನಿಂದ ಕಾಯಿ ಮೂಟೆಯಲ್ಲಿ ಬರುತ್ತಿತ್ತು.

ಅಮ್ಮ ಬರೆದಿಟ್ಟದ್ದು ಅಂಗಡಿಯ ಚೀಟಿ. ಅಪ್ಪ ಚೀಲ ಹಿಡಿದು ಹೊರಟಾಗ ಏನೇನು ತರಬೇಕೋ ಅಷ್ಟು. ಮನೆಯಲ್ಲಿ ಇದ್ದೇ ಇರುತ್ತಿದ್ದದ್ದನ್ನು ಏಕೆ ಬರೆಯಬೇಕು?

ಅರೆಪಾವು (ಬೆಳಿಗ್ಗೆ 11.50)

ಇದು ಒಪ್ಪುವಂಥ ಮಾತು. ಈಗ ನನ್ನ ತಾಯಿಯ ಪುಸ್ತಕವನ್ನೂ ತೆಗೆದು ನೋಡುತ್ತಿದ್ದೇನೆ. ಬಿಸಿಬೇಳೆಬಾತಿಗೆ ಬೇಳೆ ಇಲ್ಲ! ಬೇಳೆ ನಮ್ಮ ಹೊಲದ್ದು.

ಕುಸ್ವಾರ್ (ಮಧ್ಯಾಹ್ನ 12.08)

ನಮ್ಮ ಮನೆಯ ಪುಸ್ತಕದಲ್ಲಿ ನೆವ್ರ್ಯೊ, ಕಿಡಿಯೊ ಎಂಬ ಕ್ರಿಸ್‌ಮಸ್ ತಿಂಡಿಗಳೆರಡಕ್ಕೂ ಅಳತೆಯೇ ಇಲ್ಲ, ಎದುರಿಗೆ ಬರಿಯ ಹೆಸರುಗಳಿವೆ: ಹಿಟ್ಟು ಲಟ್ಟಿಸುವುದು ಯಾರು, ಕರಿಯುವುದು ಯಾರು ಎಂದು. ನನ್ನ ಹೆಸರಿನ ಮುಂದೆ ‘ದೂರ ಇರಬೇಕು’ ಎಂದಿದೆ.

ರಸಾಯನ ಮೇಷ್ಟ್ರು (ಮಧ್ಯಾಹ್ನ 12.15)

ಹಾಗಾದರೆ ‘ಬಿ. ಲೋ. 1’ ಏನು? ಅಂಗಡಿಯಿಂದ ತರುವ ವಸ್ತುಗಳ ನಡುವೆ ಲೋಟ ಏಕೆ ಬಂದಿತು? ಲೋಟ ಅಂಗಡಿಯದ್ದಲ್ಲ. ನಿಮ್ಮ ಸಿದ್ಧಾಂತಕ್ಕೆ ಇದು ಹೊಂದುವುದಿಲ್ಲ.

ಮೌನಿ (ಮಧ್ಯಾಹ್ನ 12.16)

ಬಿಟ್ಟುಹೋದ ಲೋಟ.

ಒಗ್ಗರಣೆ ಡಬ್ಬಿ (ಮಧ್ಯಾಹ್ನ 12.20)

ಬಿಸಿನೀರು ಒಂದು ಲೋಟ ಇರಬಹುದು. ಕೆಲವರು ಕೋಕೋ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ ಹಾಕುತ್ತಾರೆ, ಪರಿಮಳ ಬಿಡುತ್ತದೆ.

ಅವಳ ತಂಗಿ (ಮಧ್ಯಾಹ್ನ 12.33)

ನೀರಲ್ಲ, ಅದು ಕಪ್ಪಗಿತ್ತು. ಕೋಕೋ ಬೆರೆಸಿದ್ದಕ್ಕೆ ಕಪ್ಪಗಿತ್ತೋ, ಮೊದಲೇ ಕಪ್ಪಗಿತ್ತೋ ನೆನಪಿಗೆ ಬರುತ್ತಿಲ್ಲ. ಅಕ್ಕಾ, ಅಪ್ಪನನ್ನು ಕೇಳಿದೆಯಾ?

ಸರಸ್ವತೀಪುರದವಳು (ಮಧ್ಯಾಹ್ನ 12.35)

ಅಪ್ಪನಿಗೆ ಅಡುಗೆಯ ವಿಷಯ ಏನು ಗೊತ್ತು?

ಹಳೇ ಬೇಕರಿಯವ (ಮಧ್ಯಾಹ್ನ 12.50)

ಕೇಳಿ ನೋಡಿ. ತಿಂದವರಿಗೂ ಕೆಲವು ವಿಷಯ ಗೊತ್ತಿರುತ್ತದೆ.

ದೂರದ ನಂಟು (ಮಧ್ಯಾಹ್ನ 1.05)

ಈ ನಡುವೆ ಒಂದು ಪ್ರಶ್ನೆ. 1983ರಲ್ಲಿ ಬೇಯಿಸುತ್ತಿದ್ದದ್ದು ಯಾವುದರಲ್ಲಿ? ನಮ್ಮಲ್ಲಿ ಗುಂಡನೆಯ ಅಲ್ಯುಮಿನಿಯಂ ಓವನ್ ಇತ್ತು, ಮುಚ್ಚಳದ ನಡುವೆ ಗಾಜಿನ ಕಿಟಕಿ. ಶಾಖ ತಿರುಗಿಸುವ ಗುಂಡಿಯೇ ಇಲ್ಲ. ಪ್ಲಗ್ ಹಾಕಿದರೆ ಬಿಸಿ, ಕಿತ್ತರೆ ತಣ್ಣಗೆ. ನಡುವೆ ಕರೆಂಟು ಹೋದರೆ ಕೇಕು ಪಾಯಸ.

ಅವಳ ತಂಗಿ (ಮಧ್ಯಾಹ್ನ 1.18)

ಅದು ಎದುರುಮನೆಯಲ್ಲಿತ್ತು. ನಮ್ಮದು ಕುಕ್ಕರ್. ತಳದಲ್ಲಿ ಎರಡು ಬೆರಳು ಮರಳು, ಮುಚ್ಚಳದ ರಬ್ಬರು ಮತ್ತು ವೆಯ್ಟ್ ತೆಗೆದು, ಹತ್ತು ನಿಮಿಷ ಕಾಯಿಸಿ, ಆಮೇಲೆ ಡಬ್ಬಿ ಇಳಿಸಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಮರಳನ್ನು ಅಪ್ಪ ಕಟ್ಟಡ ಕಟ್ಟುವಲ್ಲಿಂದ ತಂದು, ಏಳು ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕುತ್ತಿದ್ದರು. ಅದನ್ನು ಹಾಲಿನ ಪುಡಿಯ ಡಬ್ಬಿಯಲ್ಲಿ ತುಂಬಿಟ್ಟಿದ್ದೆವು. ಒಮ್ಮೆ ಊರಿನಿಂದ ಬಂದ ಚಿಕ್ಕಮ್ಮ ರವೆ ಎಂದುಕೊಂಡು ಉಪ್ಪಿಟ್ಟಿಗೆ ಹುರಿಯಲು ತೆಗೆದಿದ್ದರು.

ಅರೆಪಾವು (ಮಧ್ಯಾಹ್ನ 1.25)

ಎಳೆಯರು ಇದನ್ನು ಓದಿ ಪ್ರಯೋಗಕ್ಕೆ ಇಳಿಯುವ ಮೊದಲು ಕೇಳಿ: ಕುಕ್ಕರನ್ನು ನೀರಿಲ್ಲದೆ ಕಾಯಿಸಬಾರದೆಂದು ತಯಾರಕರೇ ಹೇಳುತ್ತಾರೆ. ರಬ್ಬರು, ವೆಯ್ಟ್ ತೆಗೆಯದೆ ಹೀಗೆ ಮಾಡುವುದಂತೂ ಬೇಡವೇ ಬೇಡ. ದಪ್ಪ ತಳದ ಹಳೆಯ ಪಾತ್ರೆಯೂ ಮುಚ್ಚಳವೂ ಸಾಕು.

ಸರಸ್ವತೀಪುರದವಳು (ಮಧ್ಯಾಹ್ನ 2.40)

ಅಪ್ಪನನ್ನು ಕೇಳಿದೆ.

ಊಟ ಮುಗಿಸಿ ಅಡಿಕೆ ಕತ್ತರಿಸುತ್ತಿದ್ದರು. ‘ಅಮ್ಮ ಕೇಕಿಗೆ ಒಂದು ಲೋಟ ಏನು ಹಾಕುತ್ತಿದ್ದಳು’ ಎಂದೆ. ಕತ್ತರಿ ನಿಲ್ಲಿಸದೆ ಹೇಳಿದರು: ‘ನನ್ನ ಕಾಫಿ.’

ಏನೆಂದರೆ, ಭಾನುವಾರ ಬೆಳಿಗ್ಗೆ ಅಪ್ಪನಿಗೆ ಎರಡು ಸಲ ಕಾಫಿ, ಹತ್ತು ಗಂಟೆಗೆ ಇನ್ನೊಂದು. ಆ ಮೂರನೆಯದು ಫಿಲ್ಟರಿಗೆ ಮತ್ತೆ ಬಿಸಿನೀರು ಹೊಯ್ದು ಇಳಿಸಿದ ಎರಡನೇ ಡಿಕಾಕ್ಷನ್ನಿನದು. ಕೇಕು ಮಾಡುವ ಭಾನುವಾರ ಅದು ಸಿಗುತ್ತಿರಲಿಲ್ಲ. ಅಮ್ಮ ಅದನ್ನು ಎತ್ತಿಟ್ಟುಕೊಂಡು, ಬಿಸಿ ಮಾಡಿ, ಕೋಕೋ ಕದಡುತ್ತಿದ್ದಳು. ‘ಬಿಸಿ ಲೋಟ ಒಂದು ಎಂದು ಅವಳು ಬರೆದದ್ದು ಅವಳಿಗಲ್ಲ, ನನಗೆ. ಅಂಗಡಿಗೆ ಹೋಗುವಾಗ ಚೀಟಿ ನೋಡುತ್ತಿದ್ದವನು ನಾನು. ಅದು ಇದ್ದರೆ ಇವತ್ತು ಮೂರನೇ ಕಾಫಿ ಇಲ್ಲ ಎಂದು ಅರ್ಥ. ಬರುವಾಗ ದಾರಿಯ ಹೋಟೆಲಿನಲ್ಲಿ ಕುಡಿದು ಬರುತ್ತಿದ್ದೆ’ ಎಂದರು.

ನಲವತ್ತು ವರ್ಷದ ದೂರು, ಅಡಿಕೆ ಚೂರಿನ ನಡುವೆ.

‘ಮೂರು ವಾರದಿಂದ ಏಕೆ ಹೇಳಲಿಲ್ಲ’ ಎಂದು ಕೇಳಿದೆ. ‘ನೀನು ಕೇಳಲಿಲ್ಲ’ ಎಂದರು.

ರಸಾಯನ ಮೇಷ್ಟ್ರು (ಮಧ್ಯಾಹ್ನ 2.52)

ಹಿಂತೆಗೆದುಕೊಂಡೆ. ಸಿದ್ಧಾಂತ ಹೊಂದುತ್ತದೆ. ಕಾಫಿಯೂ ತುಸು ಹುಳಿಯೇ, ಕೋಕೋದ ಕಹಿಯನ್ನು ಎತ್ತಿಹಿಡಿಯುತ್ತದೆ, ಕಾಫಿಯ ರುಚಿ ಮಾತ್ರ ಬೇರೆಯಾಗಿ ಗೊತ್ತಾಗುವುದಿಲ್ಲ. ಮೊಸರು ಒಂದು ಬಟ್ಟಲು, ಡಿಕಾಕ್ಷನ್ ಒಂದು ಲೋಟ. ದೋಸೆ ಹಿಟ್ಟಿನ ಹದ ಬರುವುದು ಹೀಗೆಯೇ.

ಒಗ್ಗರಣೆ ಡಬ್ಬಿ (ಮಧ್ಯಾಹ್ನ 2.58)

ಚಿಕೋರಿ ಇದ್ದದ್ದೋ ಇಲ್ಲದ್ದೋ?

ಅರೆಪಾವು (ಮಧ್ಯಾಹ್ನ 3.01)

ಮೈಸೂರಿನಲ್ಲಿ ಚಿಕೋರಿ ಇಲ್ಲದ ಕಾಫಿಯೇ? ಅದರ ಚರ್ಚೆ ಬೇರೆಯೇ ನಡೆಯಲಿ, ಇಲ್ಲಿ ಬೇಡ.

ಕೊಕ್ಕೋ ತೋಟ (ಮಧ್ಯಾಹ್ನ 3.20)

ಚಿಕೋರಿ ಹಾಕಿದರೆ ಅದು ಕಾಫಿಯಲ್ಲ ಎನ್ನುವವನು ನಾನು. ಆದರೆ ಕೇಕಿಗೆ ಹಾಕುವುದಾದರೆ ಬಾಯಿ ಮುಚ್ಚಿಕೊಳ್ಳುತ್ತೇನೆ.

ಸರಸ್ವತೀಪುರದವಳು (ಮುಂದಿನ ಭಾನುವಾರ, ಸಂಜೆ 5.30)

ಮಾಡಿದೆ. ಸ್ಟೀಲ್ ಬಟ್ಟಲಿನ ಅಳತೆ. ಸಕ್ಕರೆ ಅಳೆದು ಆಮೇಲೆ ಪುಡಿ. ಡಾಲ್ಡಾ ಬದಲು ಸೂರ್ಯಕಾಂತಿ ಎಣ್ಣೆ. ಕೋಕೋ ಬೇರೆಯದು ತಂದೆ, 501 ಇಲ್ಲದ್ದು. ಎರಡು ದಿನದ ಹುಳಿ ಮೊಸರು ಒಂದು ಬಟ್ಟಲು. ಎರಡನೇ ಡಿಕಾಕ್ಷನ್ ಬಿಸಿ ಬಿಸಿಯಾಗಿ ಒಂದು ಲೋಟ, ಕೋಕೋವನ್ನು ಅದರಲ್ಲೇ ಕದಡಿದೆ, ಆಮೇಲೆ ಬೆಚ್ಚಗಾಗಲು ಬಿಟ್ಟೆ. ಸೋಡವನ್ನು ಮೈದಾದ ಜೊತೆ ಮೂರು ಸಲ ಜರಡಿ ಹಿಡಿದೆ. ಮೊಸರು ಸುರಿದಾಗ ಆ ಸದ್ದು ನನಗೂ ಕೇಳಿಸಿತು. ತಂಗಿ ಫೋನಿನಲ್ಲಿ ಕಿವಿ ಇಟ್ಟಿದ್ದಳು, ಅವಳಿಗೂ ಕೇಳಿಸಿತು. ಎಲ್ಲಿಯೂ ನಿಲ್ಲದೆ ಓವನ್ನಿಗೆ, 160 ಡಿಗ್ರಿ, ನಲವತ್ತೆರಡು ನಿಮಿಷ.

ಕುಸಿಯಲಿಲ್ಲ. ಕಪ್ಪು ಬಂದಿತು. ಒತ್ತಿದರೆ ಎದ್ದಿತು.

ಅಪ್ಪ ಒಂದು ತುಂಡು ತಿಂದರು. ಚೆನ್ನಾಗಿದೆ ಎನ್ನಲಿಲ್ಲ. ಇನ್ನೊಂದು ತುಂಡು ತಾವೇ ಕತ್ತರಿಸಿಕೊಂಡರು. ಅದನ್ನು ಮುಗಿಸಿ, ‘ತಳ ಇನ್ನೊಂದಿಷ್ಟು ಸುಡಬೇಕಿತ್ತು, ಅವಳದು ಸುಡುತ್ತಿತ್ತು’ ಎಂದರು. ಆಮೇಲೆ ಕಾಫಿ ಕೇಳಿದರು. ಇರಲಿಲ್ಲ.

ಹಳೇ ಬೇಕರಿಯವ (ಸಂಜೆ 5.48)

ಮರಳಿನ ಕುಕ್ಕರಿನಲ್ಲಿ ತಳ ಸುಡುತ್ತದೆ. ಓವನ್‌ನಲ್ಲಿ ಬೇಕೆಂದರೆ ಕೆಳಗಿನ ಹಂತಕ್ಕೆ ಇಳಿಸಿ, ಕೊನೆಯ ಐದು ನಿಮಿಷ ತಳದ ಕಾಯಿಲ್ ಮಾತ್ರ ಉರಿಯಲಿ.

ಕುಸ್ವಾರ್ (ಸಂಜೆ 6.02)

ಒಂದು ಮೊಟ್ಟೆ ಹಾಕಿದ್ದರೆ ಇನ್ನೂ...

ಒಗ್ಗರಣೆ ಡಬ್ಬಿ (ಸಂಜೆ 6.03)

ಬೇಡ.

ದೂರದ ನಂಟು (ಸಂಜೆ 6.30)

ಇಲ್ಲಿ ಬೆಳಗಾಗಿದೆ, ಮೊಸರು ಹುಳಿಯಾಗಲು ಇಟ್ಟಿದ್ದೇನೆ. ಈ ಚಳಿಗೆ ನಾಲ್ಕು ದಿನ ಬೇಕು. ಆ ಡೈರಿಯಲ್ಲಿ ನಿಪ್ಪಟ್ಟು ಇದೆಯೇ? ಇದ್ದರೆ ಹಾಕಿ, ನನ್ನದು ಯಾವಾಗಲೂ ಎಣ್ಣೆಯಲ್ಲಿ ಒಡೆದುಹೋಗುತ್ತದೆ.

ಸರಸ್ವತೀಪುರದವಳು (ಸಂಜೆ 6.41)

ಇದೆ. ಆಗಸ್ಟ್ 30ರ ಪುಟ. ಮೇಲೆ ‘ನಿಪ್ಪಟ್ಟು’ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಅದರ ಕೆಳಗೆ ಒಂದೇ ಸಾಲು: ‘ಗೊತ್ತಿರುವುದೇ.’